ಹಸಿರು ಬಾವುಟದ ವಾರ

ಆ ಶಾಲೆಯಲ್ಲಿ ಗಂಟೆ ತಾತನೆಂದರೆ ಅಚ್ಚುಕಟ್ಟಿಗೆ ಇನ್ನೊಂದು ಹೆಸರು. ಗಂಟೆ ಹೊಡೆಯುವುದು, ಕೊಠಡಿ ಗುಡಿಸುವುದು, ದಿನಾ ಬೆಳಿಗ್ಗೆ ಗಾಳಿಯಲ್ಲಿನ ಧೂಳು ಅಳೆಯುವ ಯಂತ್ರದ ಅಂಕಿ ನೋಡಿ ಗೇಟಿಗೆ ಬಾವುಟ ಕಟ್ಟುವುದು, ಮೂರೂ ಅವನ ಕೆಲಸವೇ. ಐವತ್ತರೊಳಗಿದ್ದರೆ ಹಸಿರು, ನೂರರೊಳಗೆ ಹಳದಿ. ನೂರು ದಾಟಿದರೆ ಕಿತ್ತಳೆ. ಅವತ್ತು ಉಬ್ಬಸದ ಮಕ್ಕಳು ಓಡುವಂತಿಲ್ಲ. ನೂರೈವತ್ತು ದಾಟಿದರೆ ಕೆಂಪು. ಯಾರೂ ಮೈದಾನಕ್ಕೆ ಇಳಿಯುವಂತಿಲ್ಲ. ಉಬ್ಬಸದ ಮಕ್ಕಳಲ್ಲಿ ತಾತನ ಮೊಮ್ಮಗಳೂ ಒಬ್ಬಳು. ಓಟವೆಂದರೆ ಊಟ ಬಿಡುವ ಹುಡುಗಿ.

ಆ ವಾರ ಪೂರ್ತಿ ಹಸಿರು ಬಾವುಟವೇ. ಆದರೂ ಅವಳು ಎರಡು ಸಲ, "ತಾತ, ಎದೆ ಬಿಗಿದ ಹಾಗಾಗುತ್ತೆ" ಅಂದಿದ್ದಳು.

"ಏನಿಲ್ಲ, ಓಟದ ಸ್ಪರ್ಧೆ ಭಯ ಅಷ್ಟೇ. ಬಾವುಟ ನೋಡು, ಹಸಿರಿದೆ" ಎಂದು ಅವನು ಅದನ್ನು ತಳ್ಳಿಹಾಕಿದ್ದ.

ಓಟದ ದಿನ ಬೆಳಿಗ್ಗೆ ಮೈದಾನದಾಚೆಯ ನೀರಿನ ಟ್ಯಾಂಕು ಮಸುಕಾಗಿ ಕಾಣುತ್ತಿತ್ತು. ಮಂಜಿರಬೇಕು ಎಂದುಕೊಂಡ. ಯಂತ್ರವೇ ಮೂವತ್ತೆಂಟು ಎನ್ನುವಾಗ ತನ್ನ ಮುದಿ ಕಣ್ಣಿನ ಮಾತು ಯಾಕೆ ಕೇಳಬೇಕು?

ಮಕ್ಕಳು ಗೆರೆಯ ಮೇಲೆ ನಿಲ್ಲುವ ಹೊತ್ತಿಗೆ, ಬಹುಮಾನ ಇಡಲು ಮೇಜು ಬೇಕೆಂದು ಹೆಡ್‌ಮೇಡಂ ಹೇಳಿ ಕಳಿಸಿದರು. ಅವರ ಕೋಣೆಯಲ್ಲಿದ್ದ ಮೇಜನ್ನು, ಅದರ ಮೇಲಿನ ಯಂತ್ರದ ಸಮೇತ, ತಾತ ಜಗಲಿಗೆ ಎಳೆದು ತಂದ. ಸೊಂಟ ನೆಟ್ಟಗೆ ಮಾಡಿಕೊಂಡು ನೋಡಿದರೆ ಅಂಕಿ ಅರವತ್ತಾಗಿತ್ತು. ಕೆಟ್ಟಿತೇನೋ ಎಂದು ಹೆಗಲ ಬಟ್ಟೆಯಿಂದ ಒರೆಸಿದ. ನೂರಹತ್ತು. ನೂರೆಪ್ಪತ್ತು. ಇನ್ನೂರು ದಾಟಿತು.

ಕೆಟ್ಟಿದ್ದು ಯಂತ್ರವಲ್ಲ ಎಂದು ಅವನಿಗೆ ಹೊಳೆಯಿತು. ಯಂತ್ರದ ಜಾಗ ಮೊದಲಿನಿಂದಲೂ ಈ ಜಗಲಿಯೇ. ಹೋದ ವಾರ ಅದರ ಮೇಲೆ ಧೂಳು ಕೂತದ್ದು ಕಂಡು, ಪಾಪ ಹಾಳಾದೀತೆಂದು, ಹೆಡ್‌ಮೇಡಂ ಕೋಣೆಯೊಳಗೆ ಇಟ್ಟವನು ಅವನೇ. ಅದೂ ಗಾಳಿ ಶುದ್ಧಮಾಡುವ ಪೆಟ್ಟಿಗೆಯ ಪಕ್ಕದಲ್ಲೇ. ಧೂಳು ಅಳೆಯುವ ಯಂತ್ರಕ್ಕೆ ಧೂಳು ತಾಗದಂತೆ ಕಾಪಾಡಿದ ಮಹಾನುಭಾವ!

ಅಷ್ಟರಲ್ಲಿ ಸೀಟಿ ಕೇಳಿಸಿತು. ಮಕ್ಕಳು ಓಡತೊಡಗಿದರು.

ಮೊಮ್ಮಗಳೊಬ್ಬಳನ್ನೇ ಏನಾದರೂ ನೆಪ ಹೇಳಿ ಕರೆದುಕೊಂಡರೆ ತನ್ನ ತಪ್ಪು ಯಾರಿಗೂ ತಿಳಿಯದು ಎಂದು ಒಂದು ಗಳಿಗೆ ಅನಿಸಿದ್ದು ಸುಳ್ಳಲ್ಲ. ಆದರೆ ಹಿಂದೆ ಓಡುತ್ತಿದ್ದ ಇನ್ನೊಬ್ಬ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮುತ್ತಿದ್ದಳು. ತಾತ ಹೋಗಿ ಗಂಟೆಯ ಹಗ್ಗ ಹಿಡಿದ. ಬಿಡದೆ ಹೊಡೆದ. ನಿಲ್ಲದ ಗಂಟೆ ಎಂದರೆ ಎಲ್ಲರೂ ಒಳಗೆ ಬರಬೇಕೆಂದು ಅರ್ಥ.

ಒಬ್ಬೊಬ್ಬರೇ ನಿಂತರು. ಎಲ್ಲರಿಗಿಂತ ಮುಂದಿದ್ದ ಮೊಮ್ಮಗಳು ಮಾತ್ರ ನಿಲ್ಲಲಿಲ್ಲ. ತಿರುವಿನಲ್ಲಿ ಅವಳ ಹೆಜ್ಜೆ ತಪ್ಪಿತು, ಮಂಡಿ ಹಿಡಿದು ಬಗ್ಗಿದಳು. ತಾತ ಹಗ್ಗ ಬಿಟ್ಟು ಓಡಿದ. ಹತ್ತಿರ ಹೋದರೆ ಅವಳ ಕತ್ತಿನ ನರ ಉಬ್ಬಿತ್ತು, ಉಸಿರು ಸುಯ್ಯೆನ್ನುತ್ತಿತ್ತು, ತುಟಿ ಬಣ್ಣಗೆಟ್ಟಿತ್ತು. ತಾನು ಸದಾ ಅಂಗಿಯ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ ಅವಳ ಇನ್‌ಹೇಲರನ್ನು ತೆಗೆದ. ಅವಳೇ ಕಿತ್ತುಕೊಂಡು ಒತ್ತಿದಳು. ಮತ್ತೊಮ್ಮೆ ಒತ್ತಿದಳು. ಅವಳನ್ನು ಹೆಡ್‌ಮೇಡಂ ಕೋಣೆಗೆ ಎತ್ತಿಕೊಂಡು ಹೋಗಿ, ಕಿಟಕಿ ಮುಚ್ಚಿ, ಗಾಳಿ ಶುದ್ಧಮಾಡುವ ಆ ಪೆಟ್ಟಿಗೆಯ ಮುಂದೆ ಕೂರಿಸಿದರು. ಉಸಿರು ಒಂದು ಹದಕ್ಕೆ ಬರುವವರೆಗೆ ತಾತ ತನ್ನ ಉಸಿರು ಬಿಟ್ಟನೋ ಇಲ್ಲವೋ.

"ಗಂಟೆ ಯಾಕಪ್ಪ ಹೊಡೆದೆ? ಬಾವುಟ ಹಸಿರಿದೆಯಲ್ಲ" ಎಂದರು ಪಿ.ಟಿ. ಮೇಷ್ಟ್ರು.

ತಾತ ಎಲ್ಲವನ್ನೂ ಹೇಳಿದ. ಯಾರ ಮುಖವನ್ನೂ ನೋಡಲಿಲ್ಲ.

ಮೊಮ್ಮಗಳು ಮಾತ್ರ ಅವನನ್ನೇ ನೋಡುತ್ತಿದ್ದಳು.

"ಹಾಗಾದ್ರೆ... ನನಗೆ ಭಯ ಇರಲಿಲ್ಲ, ಅಲ್ವಾ ತಾತ?"

"ಇರಲಿಲ್ಲ, ಮಗಳೇ. ನೀನು ಸರಿಯಾಗೇ ಹೇಳಿದ್ದೆ" ಎಂದು ಅವನು ಕೆಂಪು ಬಾವುಟ ತರಲು ಎದ್ದ.