ಹದ ತಪ್ಪಿದ ಬೆರಳು

ನೀರಿನ ಬಟ್ಟಲಿಗೆ ಬಿಟ್ಟ ಪಾಕವನ್ನು ಮೂರನೆಯ ಸಲ ಬೆರಳಲ್ಲಿ ಉರುಳಿಸಿದರೂ ಅದು ಹದಕ್ಕೆ ಬಂದಿದೆಯೋ ಇಲ್ಲವೋ ಕೆಂಪಸಿದ್ದಯ್ಯನಿಗೆ ತಿಳಿಯಲಿಲ್ಲ. ಗಟ್ಟಿಯಾಯಿತು ಅನ್ನಿಸಿತು, ಮರುಕ್ಷಣ ಜಾರಿತು. ಪೂರಿಗಾಲಿ ಸುತ್ತಿನ ಆಲೆಮನೆಗಳಲ್ಲಿ ಇಪ್ಪತ್ತೆಂಟು ವರ್ಷದಿಂದ ಬೆಲ್ಲದ ಹದ ಹೇಳುತ್ತ ಬಂದವನು ಅವನು. ಅವನು ಇಳಿಸಿ ಅಂದರೆ ಇಳಿಸಬೇಕು, ತಡೀರಿ ಅಂದರೆ ಯಜಮಾನನೂ ತಡೆಯಬೇಕು. ಅಂಥ ಬೆರಳಿಗೆ ಇವತ್ತೇನು ದರಿದ್ರ ಬಡಿಯಿತೋ!

“ಯಾನ್ಲಾ ನೋಡ್ತಾ ನಿಂತಿದ್ದೀಯೆ? ಇಳ್ಸದಾ ಬ್ಯಾಡ್ವಾ?” ಆಲೆಮನೆ ಯಜಮಾನ ಲಿಂಗಯ್ಯ ಕೇಳಿದ.

ಕೆಂಪಸಿದ್ದಯ್ಯ ಇಳಿಸಿ ಅಂದ. ಆಳುಗಳು ಕೊಪ್ಪರಿಗೆಗೆ ಕೈ ಹಾಕುವಷ್ಟರಲ್ಲಿ ತಡೀರಿ ಅಂದ. ಎರಡರಲ್ಲಿ ಮೊದಲು ಹೇಳಿದ್ದು ಯಾವುದು ಎಂಬುದು ಅವನಿಗೇ ಮರೆತುಹೋಯಿತು. ಕೈ ನಡುಗುತ್ತಿತ್ತು, ಮುಖದಿಂದ ಬೆವರು ತೊಟ್ಟಿಕ್ಕುತ್ತಿತ್ತು. ಒಲೆಯ ಮುಂದೆ ನಿಂತವನಿಗೆ ಬೆವರದೆ ಇನ್ನೇನು? ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಪಾಕವನ್ನು ಬೆರಳಲ್ಲಿ ನೋಡಿದ ಮೇಲೆ ನಾಲಿಗೆಗೆ ಇಟ್ಟುಕೊಂಡು ನೋಡುವುದು ಹದಗಾರನ ರೂಢಿ. ಮೂರು ವಾರದಿಂದ ಕೆಂಪಸಿದ್ದಯ್ಯ ಇಟ್ಟುಕೊಂಡು ಉಗಿದುಬಿಡುತ್ತಿದ್ದ. ಮಗಳು ಶೋಭಿತಾಳಿಗೆ ಮಾತು ಕೊಟ್ಟಿದ್ದನಲ್ಲ! ತಾಯಿಯಿಲ್ಲದ ಹುಡುಗಿ, ಮಳವಳ್ಳಿಯ ಬಟ್ಟೆ ಅಂಗಡಿಯಲ್ಲಿ ಕೆಲಸ. ಅಪ್ಪನ ತೂಕ ತೊಂಬತ್ತಾರು ಕೇಜಿ, ಮೇಲೆ ಸಕ್ಕರೆ ಕಾಯಿಲೆ. ಕೂತರೆ ಏಳಲಾರ, ಎದ್ದರೆ ಕೂರಲಾರ. ದೊಡ್ಡಪ್ಪ ಇದೇ ಕಾಯಿಲೆಯಲ್ಲಿ ಕಾಲು ಕಳೆದುಕೊಂಡು ಸತ್ತದ್ದನ್ನು ಕಂಡ ಅವಳಿಗೆ ಜೀವದಲ್ಲಿ ಜೀವವಿರಲಿಲ್ಲ. ತೂಕ ಇಳಿಸುವ ದಾರಿಯನ್ನು ಮೊಬೈಲಿನಲ್ಲಿ ಯಾವನೋ ಹೇಳಿದ್ದನ್ನು ಕೇಳಿ ಮುದ್ದೆ, ಅನ್ನ, ಬೆಲ್ಲ ಮೂರನ್ನೂ ನಿಲ್ಲಿಸಿದಳು. ಮೊಟ್ಟೆ, ಸೊಪ್ಪು, ಕೋಳಿ, ಅಷ್ಟೇ. ಅಪ್ಪನೊಬ್ಬನಿಗೇ ಶಿಕ್ಷೆ ಯಾಕೆಂದು ತಾನೂ ಅದನ್ನೇ ತಿಂದಳು.

ಏಳು ಕೇಜಿ ಇಳಿದಾಗ ಊರೇ ಹೊಗಳಿತು. ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ಎಂದಿನಂತೆ ಬೆಳಿಗ್ಗೆ ಒಂದು, ಸಂಜೆ ಒಂದು. ಯಾವ ಕಾರಣಕ್ಕೂ ತಪ್ಪಿಸಬೇಡ ಎಂದು ಡಾಕ್ಟರು ಎಂದೋ ಹೇಳಿದ್ದರು. ಮುದ್ದೆ ಬಿಟ್ಟ ಸುದ್ದಿಯನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಒಳ್ಳೆಯದು ಮಾಡುವುದಕ್ಕೆ ಯಾರ ಅಪ್ಪಣೆ ಕೇಳಬೇಕು?

ಲಿಂಗಯ್ಯ ರೇಗಿಬಿಟ್ಟ. “ಬೆಳ್‌ಬೆಳಿಗ್ಗೇನೇ ಏರಿಸ್ಕಂಡ್ ಬಂದಿದ್ದೀಯೇನ್ಲಾ?”

ಹೆಂಡ ಮುಟ್ಟದ ಕೆಂಪಸಿದ್ದಯ್ಯನಿಗೆ ಅಳುವೇ ಬಂತು. ಉತ್ತರ ಕೊಡಲು ಹೋದರೆ ನಾಲಿಗೆ ದಪ್ಪಗಾಗಿ ಹೊರಳಲಿಲ್ಲ. ಆವಿಯ ಆಚೆ ಇಬ್ಬರು ಲಿಂಗಯ್ಯಂದಿರು ನಿಂತಿದ್ದರು, ಯಾರಿಗೆ ಹೇಳುವುದು? ಹಿಂದಕ್ಕೆ ಸರಿಯುತ್ತೇನೆಂದುಕೊಂಡು ಕುದಿಯುವ ಕೊಪ್ಪರಿಗೆಯತ್ತಲೇ ಕಾಲಿಟ್ಟ. ಗಾಣದ ಮೋಟಾರು ರಿಪೇರಿಗೆ ಬಂದಿದ್ದ ನಿಜಾಮುದ್ದೀನ್ ಓಡಿಬಂದು ಅವನ ತೋಳು ಹಿಡಿದು ಎಳೆದ.

“ಇದು ಒಲೆ ಬೆವರಲ್ಲ ಕಣಣ್ಣ. ಮೈ ತಣ್ಣಗದೆ. ಸುಗರ್ ಇಳ್ದೋಗದೆ,” ಅಂದ. ಅವನ ತಾಯಿ ಕುಲ್ಸುಮ್‌ಗೂ ಇದೇ ಕಾಯಿಲೆ. ಮನೆಯಲ್ಲಿ ಎರಡು ಸಲ ಕಂಡಿದ್ದ. ಅಚ್ಚಿನಿಂದ ಬೆಲ್ಲದ ತುಂಡು ಮುರಿದು ಬಾಯಿಗೆ ಹಿಡಿದ. ಕೆಂಪಸಿದ್ದಯ್ಯ ಹಲ್ಲು ಕಚ್ಚಿದ.

“ಬ್ಯಾಡ. ಮಗೀಗೆ ಮಾತು ಕೊಟ್ಟಿವ್ನಿ.”

“ಮಾತು ಉಳ್ಸಕೆ ನೀನು ಉಳೀಬೇಕಲ್ಲಣ್ಣ,” ಎಂದು ನಿಜಾಮುದ್ದೀನ್ ಬೆಲ್ಲವನ್ನು ಬಾಯೊಳಗೆ ತಳ್ಳಿಯೇಬಿಟ್ಟ.

ಕಾಲು ಗಂಟೆಯಲ್ಲಿ ಇಬ್ಬರು ಲಿಂಗಯ್ಯಂದಿರು ಒಬ್ಬನಾದರು. ಅಷ್ಟರಲ್ಲಿ ಕೊಪ್ಪರಿಗೆಯ ಪಾಕವೆಲ್ಲ ಸೀದುಹೋಗಿತ್ತು. ಲಿಂಗಯ್ಯ ಅದನ್ನು ಹಾಗೇ ಬಿಟ್ಟು ತಾನೇ ಅವನನ್ನು ಬೈಕಿನಲ್ಲಿ ಮಳವಳ್ಳಿಯ ಡಾಕ್ಟರ ಬಳಿಗೆ ಕರೆದುಕೊಂಡು ಹೋದ.

ಶೋಭಿತಾ ಅಂಗಡಿಯಿಂದ ಓಡಿಬಂದಳು. ತಿಂದದ್ದನ್ನೆಲ್ಲ ಕೇಳಿದ ಡಾಕ್ಟರು ತಲೆ ಚಚ್ಚಿಕೊಂಡರು. “ಊಟ ಕಮ್ಮಿ ಮಾಡಿ ಮಾತ್ರೆ ಅಷ್ಟೇ ನುಂಗಿದ್ರೆ ಇನ್ನೇನಾಗುತ್ತಮ್ಮ? ನನ್ನನ್ನ ಒಂದು ಮಾತು ಕೇಳೋದಲ್ವಾ?” ಅಂದರು. ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. ಹೊತ್ತೊತ್ತಿಗೆ ಸಣ್ಣ ಮುದ್ದೆ ಉಣ್ಣಲಿ, ಕೈ ನಡುಗಿದರೆ ಬೆಲ್ಲ ಬಾಯಿಗೆ ಹಾಕಿಕೊಳ್ಳಲಿ, ಸುಮ್ಮಸುಮ್ಮನೆ ಮಾತ್ರ ಮುಟ್ಟದಿರಲಿ ಎಂದರು. ಕೆಂಪಸಿದ್ದಯ್ಯನಿಗೆ ತಲೆ ಬುಡ ತಿಳಿಯಲಿಲ್ಲ. ನಿನ್ನೆ ವಿಷವಾಗಿದ್ದು ಇವತ್ತು ಔಷಧಿ, ನಾಳೆ ಮತ್ತೆ ವಿಷ. ತೂಕ ಇಳಿದದ್ದು ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂದು ಕೇಳಬೇಕೆನ್ನಿಸಿತು, ಚೀಟಿ ಮಡಚಿ ಜೇಬಿಗೆ ಇಟ್ಟುಕೊಂಡ.

ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಊರು ಹತ್ತಿರ ಬಂದಾಗ “ನಾನೇ ಕೊಂದಾಕ್ಬುಡ್ತಿದ್ನಲ್ಲಪ್ಪ,” ಅಂದಳು. ಹಾಗಲ್ಲ ಅನ್ನಬೇಕೆಂದುಕೊಂಡ. ನೀನಲ್ಲದೆ ನನಗೆ ಯಾರಿದ್ದಾರೆ ಅನ್ನಬೇಕೆಂದುಕೊಂಡ. ಕೊನೆಗೆ ಅವಳ ಚೀಲವನ್ನು ತಾನು ಎತ್ತಿಕೊಂಡು ಇಳಿದ.

ಮೂರು ವಾರದಲ್ಲಿ ಮೊದಲ ಸಲ ಆ ಸಂಜೆ ಒಲೆಯ ಮೇಲೆ ಮುದ್ದೆಯ ಎಸರು ಕುದಿಯಿತು. ಶೋಭಿತಾ ನೀರಿನಲ್ಲಿ ಕೈ ಅದ್ದಿ ಒಂದು ಮುದ್ದೆ ಕಟ್ಟಿದಳು. ದೊಡ್ಡದಾಯಿತೆಂದು ಚಿವುಟಿದಳು, ಚಿಕ್ಕದಾಯಿತೆಂದು ಮತ್ತೆ ಸೇರಿಸಿದಳು. ತಟ್ಟೆಗೆ ಇಟ್ಟು ಅಪ್ಪನ ಮುಖ ನೋಡಿದಳು.

“ಸಾಕಾ ಅಪ್ಪಾ?”

ಕೆಂಪಸಿದ್ದಯ್ಯ ಅಭ್ಯಾಸಬಲದಿಂದ ಮುದ್ದೆಯನ್ನು ಬೆರಳಲ್ಲಿ ಒತ್ತಿ ನೋಡಿದ. ಏನೂ ತಿಳಿಯಲಿಲ್ಲ. ತಲೆ ಎತ್ತಿದಾಗ ಮಗಳ ಕೈ ಕಾಣಿಸಿತು. ಬೆಳಿಗ್ಗೆ ತನ್ನದು ನಡುಗಿದ ಹಾಗೆಯೇ ನಡುಗುತ್ತಿತ್ತು. ಇವಳೂ ಮೂರು ವಾರದಿಂದ ಮುದ್ದೆ ಉಂಡಿಲ್ಲ ಎಂಬುದು ಆಗ ನೆನಪಾಯಿತು. ಅವನು ಮುದ್ದೆಯನ್ನು ಎರಡು ಮಾಡಿ, ಒಂದನ್ನು ತಟ್ಟೆಯ ಅವಳ ಬದಿಗೆ ಸರಿಸಿದ.

“ನೀನೂ ಉಣ್ಣವ್ವ.”

ಅವಳು ಎದುರಿಗೆ ಕೂತಳು. ಇಬ್ಬರೂ ಒಂದೊಂದು ತುತ್ತು ಮುರಿದು ಸಾರಿಗೆ ಅದ್ದಿ ಕೈಯಲ್ಲೇ ಹಿಡಿದುಕೊಂಡರು. ಅವಳು ಅಪ್ಪ ಉಣ್ಣಲೆಂದು ಕಾಯುತ್ತಿದ್ದಳು, ಅವನು ಮಗಳು ಉಣ್ಣಲೆಂದು ಕಾಯುತ್ತಿದ್ದ. ತಟ್ಟೆಯಲ್ಲಿ ಸಾರು ಆರುತ್ತಿತ್ತು.