ವೃತ್ತಕ್ಕೊಂದು ಹೆಸರು

ಆನವಟ್ಟಿ ಹತ್ತಿರದ ಆ ಊರಿಗೆ ಇದ್ದದ್ದು ಒಂದೇ ಹಿಟ್ಟಿನ ಗಿರಣಿ, ಮೇಲಿನ ಕೇರಿಯ ನೀಲಾಂಬಿಕಳದು. ಗಂಡ ತೀರಿಕೊಂಡ ಮೇಲೆ ಅವಳೇ ನಡೆಸುತ್ತಿದ್ದಳು. ಮೇಲಿನ ಕೇರಿ, ಕೆರೆ ಕೇರಿ, ತಾಂಡಾ, ಮಸೀದಿ ಬೀದಿ, ಎಲ್ಲರ ಡಬ್ಬಗಳೂ ಅವಳ ಕಟ್ಟೆಯ ಮೇಲೆ ಸಾಲು ಹಿಡಿಯುತ್ತಿದ್ದವು.

ಬಸ್ ನಿಲ್ಲುವ ವೃತ್ತಕ್ಕೆ ಯಾರ ಹೆಸರಿಡಬೇಕೆಂದು ಮೇಲಿನ ಕೇರಿ, ಕೆರೆ ಕೇರಿಯವರು ಜಗಳಕ್ಕೆ ನಿಂತಾಗಲೂ ಜನ ಗಿರಣಿಗೆ ಬರುತ್ತಲೇ ಇದ್ದರು. ಮೇಲಿನ ಕೇರಿಯವರು ನೆಟ್ಟ ಫಲಕಕ್ಕೆ ಯಾರೋ ಸಗಣಿ ಬಳಿದ ದಿನ ಎಲ್ಲ ಕೆಟ್ಟಿತು. ಮಧ್ಯಾಹ್ನದ ಹೊತ್ತಿಗೆ ಕಲ್ಲು ತೂರಾಟ ಶುರುವಾಗಿ, ಬೈಕುಗಳು ಹೊತ್ತಿ ಉರಿದವು.

ಅಕ್ಕಿ ಬೀಸಿಸಲು ಬಂದಿದ್ದ ಕೆರೆ ಕೇರಿಯ ಪುಟ್ಟಪ್ಪ ಗಿರಣಿಯಲ್ಲೇ ಸಿಕ್ಕಿಬಿದ್ದ. ನೀಲಾಂಬಿಕ ಶಟರ್ ಎಳೆಯುವಷ್ಟರಲ್ಲಿ ಅವಳ ಮೈದುನ ಗುರುಪ್ರಕಾಶ್ ತನ್ನ ಹುಡುಗರೊಂದಿಗೆ ಒಳನುಗ್ಗಿದ.

"ಅತ್ತಿಗೆ, ನೀವು ಬಾಜು ಸರೀರಿ."

"ಇವನೇನು ಮಾಡ್ಯಾನಪ್ಪ? ಬೆಳಿಗ್ಗೆಯಿಂದ ಇಲ್ಲೇ ಕುಂತಾನೆ."

"ಆ ಕೇರಿಯೋನು. ಅಷ್ಟು ಸಾಕು."

ಮೊದಲ ದೊಣ್ಣೆ ಏಟಿಗೇ ಪುಟ್ಟಪ್ಪನ ಮುಂಗೈ ಮುರಿಯಿತು. ಎರಡನೆಯದು ಹಣೆ ಸೀಳಿತು. ಹಿಟ್ಟಿನ ರಾಶಿಯ ಮೇಲೆ ರಕ್ತ ಚಿಮ್ಮಿತು. ಗುರುಪ್ರಕಾಶ್ ಮಚ್ಚು ಎತ್ತಿದ್ದನ್ನು ಕಂಡದ್ದೇ, ನೀಲಾಂಬಿಕ ಮೂಲೆಯಲ್ಲಿದ್ದ ಹಾರೆ ಹಿಡಿದು ಅವನ ಬಲಭುಜಕ್ಕೆ ಬೀಸಿದಳು. ಮೂಳೆ ಲಟಕ್ಕೆಂದಿತು. ತಾನೇ ತುತ್ತಿಟ್ಟು ಬೆಳೆಸಿದ ಹುಡುಗ ಅವಳ ಕಾಲ ಬಳಿ ಒದ್ದಾಡಿದ. ಅವಳು ಹಾರೆ ಕೆಳಗಿಡಲಿಲ್ಲ.

ಹುಡುಗರು ಹಿಂಜರಿದ ಗಳಿಗೆಯಲ್ಲಿ ಪುಟ್ಟಪ್ಪನನ್ನು ಹಿಂಬಾಗಿಲಿಂದ ಗದ್ದೆಗೆ ಎಳೆದುಕೊಂಡು ಹೋದಳು. ತಿರುಗಿ ನೋಡಿದರೆ ಗುರುಪ್ರಕಾಶನನ್ನು ಹೊರಗೊಯ್ದು ಗಿರಣಿಗೆ ಡೀಸೆಲ್ ಸುರಿದು ಬೆಂಕಿ ಇಟ್ಟಿದ್ದರು, ಅವಳ ಕೇರಿಯವರೇ, ಅವಳ ನೆಂಟರ ಮಕ್ಕಳೇ. ಆರಿಸಲು ಯಾರೂ ಕೊಡ ಹಿಡಿದು ಬರಲಿಲ್ಲ.

ವಾರದ ನಂತರ ಶಿಕಾರಿಪುರದ ಆಸ್ಪತ್ರೆಯಲ್ಲಿ ಪುಟ್ಟಪ್ಪ ಅವಳ ಮುಖ ನೋಡದೆ ಹೇಳಿದ: "ಎರಡೂ ಕೇರಿ ಹಿರೇರು ರಾಜಿ ಆಗ್ಯಾರೆ, ಅಕ್ಕಾರೆ. ಬಿದ್ದು ಪೆಟ್ಟಾಯ್ತು ಅಂತ ಪೊಲೀಸ್ರ ಹತ್ರ ಬರೆಸೀನಿ. ನಾನು ಅಲ್ಲೇ ಬಾಳ್ಬೇಕಲ್ಲ."

"ನೀನು ಬರೆಸ್ಕೊ. ನಾನು ಕಂಡಿದ್ದು ಕಂಡಂಗೆ ಹೇಳ್ತೀನಿ. ಅವನ ಭುಜ ಮುರಿದೋಳು ನಾನೇ ಅಂತಾನೂ ಹೇಳ್ತೀನಿ."

ಹಾಗೇ ಹೇಳಿದಳು. ಈಗ ಸೊರಬದ ಕೋರ್ಟಿನಲ್ಲಿ ಅವಳು ಒಂದು ಕೇಸಿಗೆ ಸಾಕ್ಷಿ, ಇನ್ನೊಂದಕ್ಕೆ ಆರೋಪಿ. ವಾಯಿದೆಯ ದಿನ ಗುರುಪ್ರಕಾಶನೂ ಅದೇ ಬಸ್ಸಿಗೆ ಬರುತ್ತಾನೆ. ಅವನ ಬಲಗೈ ಮೇಲೇಳುವುದಿಲ್ಲ. ಎಡಗೈ ಒಂದರಲ್ಲೇ ಕಂಬಿ ಹಿಡಿದು ಅವನು ತೂಗಾಡುವಾಗ ನೀಲಾಂಬಿಕ ಸರಿದು ಪಕ್ಕದಲ್ಲಿ ಜಾಗ ಬಿಡುತ್ತಾಳೆ. ಅವನು ಕೂರುವುದಿಲ್ಲ.