ಸುಂಕಪ್ಪ ಸಾರಿದ ಸುದ್ದಿ

ಹೊನ್ನೂರಮ್ಮ ಅಪ್ಪ ಸುಂಕಪ್ಪನ ಕಾಲಿನ ಹೆಬ್ಬೆರಳುಗಳೆರಡನ್ನೂ ಸೇರಿಸಿ ದಾರ ಕಟ್ಟುತ್ತಿದ್ದಳು. ದಾರ ಜಾರುತ್ತಿತ್ತು. ಹಲಗೆ ಬಾರಿಸುತ್ತ ಕುರುಗೋಡಿನ ಓಣಿ ಓಣಿ ತಿರುಗಿ ಡಂಗುರ ಸಾರಿದ ಆ ಪಾದಗಳು ಕಲ್ಲಿನಂತಾಗಿದ್ದವು.

"ಬಿಗಿಯಾಗಿ ಕಟ್ಟವ್ವಾ," ಎಂದ ಪಕ್ಕದಲ್ಲಿ ಕೂತಿದ್ದ ಖಾದರಸಾಬ್. "ಇಲ್ಲಂದ್ರ ಎದ್ದು ಸಾರಾಕ ಹೊಂಟುಬಿಡ್ತಾನ."

ಅಳುತ್ತಿದ್ದ ಹೊನ್ನೂರಮ್ಮನಿಗೆ ನಗು ಬಂತು. ಖಾದರಸಾಬ್ ಸಿರುಗುಪ್ಪದಲ್ಲಿ ಬಾಡಿಗೆ ಬಂಡಿ ಹೊಡೆಯುವವನು, ಸುಂಕಪ್ಪನ ಮೂವತ್ತು ವರ್ಷದ ಗೆಳೆಯ. ಸುದ್ದಿ ಮುಟ್ಟಿದ ಕೂಡಲೇ ಎತ್ತು ಕಟ್ಟಿ ಹೊರಟು ಬಂದಿದ್ದ.

"ಕಡೀಗೆ ಏನರ ಅಂದನೇನು?"

"ಎರಡು ರೊಟ್ಟಿ ಉಂಡ, ಕಾಕಾ. 'ಪುಂಡಿಪಲ್ಯ ಇವತ್ತು ಚಂದ ಆಗೈತಿ' ಅಂದ. ಬೇವಿನ ಗಿಡದ ಕೆಳಗ ಅಡ್ಡಾದ. ನೀರು ಕೊಡಾಕ ಹೋದ್ರ ಏಳಲಿಲ್ಲ."

"ಅಷ್ಟು ಸಾಕು ಬಿಡು. ನನಗೂ ಹಂಗ ಬರ್ಲಿ."

ಕೇರಿಯ ಹಿರಿಯ ಓಬಣ್ಣ ಒಳಗೆ ಬಂದು ಗಂಟಲು ಸರಿಮಾಡಿಕೊಂಡ. "ಮೊದಲ ಮಣ್ಣು ಕೊಡಾಕ ಗಂಡುಮಗ ಇಲ್ಲ. ಅಳಿಯ ಕೊಡ್ಲೇನು?"

"ನಾನು ಉಳದೀನಲ್ಲ, ದೊಡ್ಡಪ್ಪಾ," ಎಂದಳು ಹೊನ್ನೂರಮ್ಮ ತಲೆಯೆತ್ತದೆ. "ನಾನ ಕೊಡ್ತೀನಿ."

ಓಬಣ್ಣ ಆಗಲಿ ಎಂಬಂತೆ ತಲೆಯಾಡಿಸಿ ಹೊರಗೆ ಹೋದ.

* * *

ಎರಡು ವರ್ಷದ ಹಿಂದೆ, ಮೊದಲ ಚುನಾವಣೆ ಮುಗಿದ ಹೊಸತರಲ್ಲಿ, ಬಳ್ಳಾರಿಯಿಂದ ಒಬ್ಬ ಡಾಕ್ಟರಮ್ಮ ಕುರುಗೋಡಿಗೆ ಬಂದಿದ್ದರು. ಸಾರಬೇಕಾದ ಮಾತನ್ನು ಒಂದು ಕಾಗದದಲ್ಲಿ ಬರೆದು ತಂದಿದ್ದರು. ಸುಂಕಪ್ಪನಿಗೆ ಓದು ಬಾರದು. ಎರಡು ಸಲ ಓದಿಸಿಕೊಂಡು ಬಾಯಿಪಾಠ ಮಾಡಿದ.

"ಭೂಮಿಯ ಜನಸಂಖ್ಯೆ ಇನ್ನೂರೈವತ್ತು ಕೋಟಿ ಮುಟ್ಟಿದೆ, ಭಾರತದ ಜನಸಂಖ್ಯೆ ಮೂವತ್ತಾರು ಕೋಟಿ ಮುಟ್ಟಿದೆ. ಕುಟುಂಬ ಯೋಜನೆಯ ಭಾಷಣಕ್ಕೆ ಎಲ್ಲರೂ ಬರತಕ್ಕದ್ದು," ಎಂದು ಹಲಗೆ ಬಾರಿಸಿ ಸಾರಿದ.

ಚಹಾದಂಗಡಿಯ ಮುಂದೆ ಕೂತವನೊಬ್ಬ ಕೂಗಿ ಕೇಳಿದ: "ಅಷ್ಟು ಮಂದಿ ಎಲ್ಲಿ ಅದಾರಲೇ ಸುಂಕಪ್ಪ? ನನ್ನ ಹೊಲದಾಗ ಕಳೆ ತೆಗಿಯಾಕ ನಾಕು ಆಳು ಸಿಗವಲ್ರು."

ಎಲ್ಲರೂ ನಕ್ಕರು. ಭಾಷಣಕ್ಕೆ ಯಾರೂ ಬರಲಿಲ್ಲ. ಶಾಲೆಯ ಅಂಗಳದಲ್ಲಿ ಹಾಸಿದ ಜಮಖಾನೆ ಹಾಸಿದಂತೆಯೇ ಉಳಿಯಿತು. ಡಾಕ್ಟರಮ್ಮ ಚಿತ್ರಪಟಗಳನ್ನು ಸುತ್ತಿಡುತ್ತ, ಸುಮ್ಮನೆ ಮಾತಿಗೆಂದು ಕೇಳಿದರು: "ನಿನಗೆ ಎಷ್ಟು ಮಕ್ಕಳಪ್ಪ?"

"ಹುಟ್ಟಿದ್ದು ಒಂಬತ್ತು, ಅವ್ವಾ. ಇರಾಕಿ ಒಬ್ಬಾಕಿ."

"ಹೆಂಡತಿ?"

"ಒಂಬತ್ತನೇ ಕೂಸಿನ ಕೂಡ ಹ್ವಾದಳು."

ಡಾಕ್ಟರಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಮರುದಿನವೂ ಇರುತ್ತೇನೆ ಎಂದಷ್ಟೇ ಹೇಳಿದರು.

ಮರುದಿನ ಬೆಳಿಗ್ಗೆ ಸುಂಕಪ್ಪ ಕಾಗದದ ಮಾತು ಸಾರಲಿಲ್ಲ. ಬಾವಿಕಟ್ಟೆಯ ಹತ್ತಿರ, ಹೆಂಗಸರು ನೀರಿಗೆ ಬರುವ ಹೊತ್ತಿಗೆ ಹೋಗಿ ನಿಂತ.

"ಕೇಳ್ರವ್ವಾ ಕೇಳ್ರಿ. ನನ್ನ ಹೇಣ್ತಿ ಹನುಮಮ್ಮ ಒಂಬತ್ತು ಹಡದಳು. ಎಂಟನೇದು ಹುಟ್ಟಿದಾಗ 'ಇನ್ನ ಸಾಕು, ಮೈಯಾಗ ಏನೂ ಉಳದಿಲ್ಲ' ಅಂದಳು. ಸಾಕು ಅನ್ನಾಕ ದಾರಿ ಐತಿ ಅಂತ ನನಗ ಗೊತ್ತಿದ್ದಿಲ್ಲ. ಗೊತ್ತು ಮಾಡ್ಕೊಳ್ಳಾಕ ನಾನೂ ಹೋಗಲಿಲ್ಲ. ಆಕಿ ಸತ್ತಳು. ದಾರಿ ಐತಂತ. ಹೇಳಾಕ ಡಾಕ್ಟರಮ್ಮ ಸಾಲ್ಯಾಗ ಕುಂತಾರ. ಹೋಗ್ರಿ."

ತುಂಬಿದ ಕೊಡಗಳನ್ನು ಯಾರೂ ಎತ್ತಲಿಲ್ಲ.

ಮೂರನೆಯ ಓಣಿ ಮುಟ್ಟುವಷ್ಟರಲ್ಲಿ ಊರಗೌಡರು ಅಡ್ಡ ಬಂದರು. "ಹೇಣ್ತಿ ಬಾಣಂತನ ಬೀದ್ಯಾಗ ಸಾರ್ತೀಯಲ್ಲ, ನಾಚಿಕಿ ಇಲ್ಲೇನಲೇ? ಹಲಗಿ ಕಸಗೊಂತೀನಿ ನೋಡು."

ಊರ ಹಲಗೆ ಹೋದರೆ ಸುಂಕಪ್ಪನಿಗೆ ಬೇರೆ ಕಸುಬಿರಲಿಲ್ಲ.

"ಕಸಗೋರಿ ಗೌಡ್ರ," ಎಂದ. "ಇನ್ನ ಎರಡು ಓಣಿ ಉಳದಾವು. ಅವನ್ನ ಮುಗಿಸಿ ನಾನ ತಂದು ಕೊಡ್ತೀನಿ."

ಮುಗಿಸಿ, ಹೇಳಿದಂತೆಯೇ ಗೌಡರ ಮನೆಗೆ ಹೋದ. ಪಡಸಾಲೆಯಲ್ಲಿ ಗೌಡರೊಬ್ಬರೇ ಕೂತಿದ್ದರು. ಗೌಡತಿ ಚನ್ನಬಸಮ್ಮ ಸೊಸೆಯನ್ನು ಕರೆದುಕೊಂಡು ಶಾಲೆಗೆ ಹೋಗಿದ್ದಳು. ಸೊಸೆ ಚನ್ನವೀರಮ್ಮ ನಾಲ್ಕು ವರ್ಷದಲ್ಲಿ ಮೂರು ಹೆತ್ತು, ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುವಷ್ಟು ಸೊರಗಿದ್ದಳು.

ಗೌಡರು ಹಲಗೆಯತ್ತ ನೋಡಿದರು, ಬಾಗಿಲಿನತ್ತ ನೋಡಿದರು. "ಒಯ್ಯಿ, ಒಯ್ಯಿ," ಎಂದರು. "ನಾಳೆ ಸಂತಿ ಸುದ್ದಿ ಸಾರೋದೈತಿ."

* * *

ಹೂವಿನ ಬುಟ್ಟಿ ಹಿಡಿದು ಚನ್ನಬಸಮ್ಮ ಕೇರಿಯೊಳಗೆ ಬಂದಾಗ ಮಂದಿಯೆಲ್ಲ ಎದ್ದು ನಿಂತರು. ಅವಳು ಇಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಹಿಂದೆ ಸೊಸೆ, ಅವಳ ಹಿಂದೆ ಊರಿನ ಹತ್ತು ಹನ್ನೆರಡು ಹೆಂಗಸರು.

"ಕುಂದರ್ರಿ, ಕುಂದರ್ರಿ," ಎಂದಳು. ಹೂವನ್ನು ತಾನೇ ಹೆಣದ ಮೇಲೆ ಹಾಕಿದಳು. "ಗೌಡ್ರೂ ಬರಾಕ ಹತ್ಯಾರ. ಅವರದು ನಡಿಗಿ ಮೆಲ್ಲಕ."

ಖಾದರಸಾಬ್ ಮೀಸೆಯಡಿ ನಕ್ಕ. "ನಮ್ಮ ಸಿರುಗುಪ್ಪಕ್ಕೂ ನನ್ನ ಬಂಡ್ಯಾಗ ಕುಂತು ಬಂದಿದ್ದ, ಅವ್ವಾರ. ಅಲ್ಲೂ ಹನುಮಮ್ಮನ ಕತಿನ ಸಾರಿದ. ನನ್ನ ಹೇಣ್ತಿ ಫಕೀರಬಿ ಬುರ್ಖಾ ಹಾಕ್ಕೊಂಡು ಡಾಕ್ಟರಮ್ಮನ ಭಾಷಣಕ್ಕ ಮೊದಲ ಸಾಲಿನಾಗ ಹೋಗಿ ಕುಂತಿದ್ಲು. ನನಗ ಹೇಳೂ ಇಲ್ಲ."

"ಹೇಳಿದ್ರ ಬಿಡ್ತಿದ್ದಿರೇನು?" ಎಂದಳು ಚನ್ನಬಸಮ್ಮ.

"ಆವಾಗ ಬಿಡ್ತಿದ್ದಿಲ್ಲ," ಎಂದ ಖಾದರಸಾಬ್ ಪ್ರಾಮಾಣಿಕವಾಗಿ. "ಈಗ ನಾನ ಬಂಡಿ ಕಟ್ತೀನಿ."

ಹೊನ್ನೂರಮ್ಮ ಅಪ್ಪನ ಮುಖ ನೋಡಿದಳು. ಅವ್ವ ಸತ್ತಂದಿನಿಂದ ಅವನು ಮನೆಯಲ್ಲಿ ಅವಳ ಹೆಸರೆತ್ತಿರಲಿಲ್ಲ. ಬೀದಿಯಲ್ಲಿ ಕೂಗಿ ಹೇಳಿ ಬಂದ ಆ ದಿನವೇ ಮೊದಲ ಸಲ ಮಗಳ ಹತ್ತಿರ ಕೂತು, ಹನುಮಮ್ಮ ಹೇಗೆ ನಗುತ್ತಿದ್ದಳು, ಎಂಥ ರೊಟ್ಟಿ ಬಡಿಯುತ್ತಿದ್ದಳು ಎಂದು ಸಂಜೆಯತನಕ ಹೇಳಿದ್ದ.

ಗುಡ್ಡದ ಬುಡದಲ್ಲಿ ಕುಣಿ ತೋಡಿದ್ದರು. ಸುಂಕಪ್ಪನನ್ನು ಇಳಿಸಿದ ಮೇಲೆ ಹೊನ್ನೂರಮ್ಮ ಮೊದಲ ಮಣ್ಣು ಕೊಟ್ಟಳು. ಓಬಣ್ಣ ಗಂಡಸರನ್ನು ಕರೆಯಬೇಕೆನ್ನುವಷ್ಟರಲ್ಲಿ ಹೆಂಗಸರು ತಾವಾಗಿಯೇ ಮುಂದೆ ಬಂದರು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಗೌಡರ ಸೊಸೆ ಚನ್ನವೀರಮ್ಮನ ಸೊಂಟದ ಮೇಲೆ ಈಗ ಹೊಸ ಕೂಸಿರಲಿಲ್ಲ. ಸಲೀಸಾಗಿ ಬಗ್ಗಿ ಬೊಗಸೆ ತುಂಬ ಮಣ್ಣು ತೆಗೆದುಕೊಂಡಳು. ಅವಳ ಕೊನೆಯ ಮಗಳು, ಮೂರು ವರ್ಷದವಳು, ಪಕ್ಕದಲ್ಲಿ ತನ್ನ ಕಾಲ ಮೇಲೆ ತಾನು ನಿಂತು, ಒಂದು ಪುಟ್ಟ ಹೆಂಟೆಯನ್ನು ಆರಿಸಿ ಅವ್ವನ ಬೊಗಸೆಗೆ ಹಾಕಿದಳು.